ಹಳ್ಳದಾಚೆಯ ಚುಕ್ಕಿಗಳು

ಮೈಸೂರಿನಲ್ಲಿ ಮನೆ ಕೇಳಲು ಹೋದರೆ ಮೊದಲು ಬರುವುದು ಬಾಡಿಗೆಯ ಮಾತಲ್ಲ, ಊರಿನದು. "ದಾವಣಗೆರೆ" ಎಂದರೆ ಸಾಲದು. "ಟೌನೋ, ಪಕ್ಕದ ಹಳ್ಳಿಯೋ?" ಹಳ್ಳಿ ಎಂದರೆ, "ಹಳ್ಳೀಲಿ ಯಾವ ಕಡೆ?" ನಮ್ಮ ಕಡೆ ನೇರವಾಗಿ ಜಾತಿಯನ್ನೇ ಕೇಳಿಬಿಡುತ್ತಾರೆ. ಒಂದು ಲೆಕ್ಕಕ್ಕೆ ಅದೇ ವಾಸಿ.

ನರ್ಸ್ ಕೆಲಸಕ್ಕೆಂದು ಒಬ್ಬಳೇ ಬಂದ ನನಗೆ ಶ್ರೀರಾಂಪುರದಲ್ಲಿ ಈ ಮಹಡಿ ಮನೆ ಸಿಕ್ಕಿತು. ಕೆಳಗಿರುವ ಮಾಲೀಕರ ಹೆಂಡತಿ ಪದ್ಮಮ್ಮ ಅಷ್ಟೆಲ್ಲ ಕೇಳಲಿಲ್ಲ. ಬಂದ ವಾರವೇ ಸ್ಟೀಲ್ ಡಬ್ಬಿಯಲ್ಲಿ ಬಸ್ಸಾರು ತಂದುಕೊಟ್ಟರು. ಡಬ್ಬಿಯನ್ನು ಬರಿದಾಗಿ ವಾಪಸು ಕೊಡಬಾರದು. ಅದು ಅಲ್ಲೂ ಇಲ್ಲೂ ಒಂದೇ. ಖಾರಾ ಮಂಡಕ್ಕಿ ತುಂಬಿ ಕೊಟ್ಟೆ. "ಪುರಿ ಚೆನ್ನಾಗಿದೆ ಕಣಮ್ಮ" ಎಂದರು. ಇಲ್ಲಿ ಮಂಡಕ್ಕಿಗೆ ಪುರಿ ಎನ್ನುತ್ತಾರೆ. ಹೀಗೆ ಡಬ್ಬಿ ಮೆಟ್ಟಿಲು ಹತ್ತಿ ಇಳಿಯುತ್ತಿತ್ತು. ನನ್ನ ಒಂಟಿತನಕ್ಕೆ ಅದೇ ಮದ್ದು. ಆದರೂ ನನ್ನ ಜಾತಿ ಗೊತ್ತಾದರೆ ಏನಾದೀತೋ ಎಂಬ ಅಳುಕು ಹೋಗಲಿಲ್ಲ.

ಎಡವಟ್ಟು ಮಾಡಿದ್ದು ಊರಿನ ಹಂಬಲ. ಮಂಡಿ ಮೊಹಲ್ಲಾದಲ್ಲಿ ಫೋಟೊಗಳಿಗೆ ಫ್ರೇಮ್ ಹಾಕುವ ಅಂಗಡಿಯೊಂದರಲ್ಲಿ ಹಳೆಯ ನಕ್ಷೆಗಳ ಪ್ರತಿ ಮಾರುತ್ತಿದ್ದರು. ಒಂದರಲ್ಲಿ ದಾವಣಗೆರೆ: ಹತ್ತಿ ಗಿರಣಿಗಳು, ರೈಲು ಹಳಿ, ಸುತ್ತಲ ಹಳ್ಳಿಗಳು. ನಮ್ಮೂರೂ ಇತ್ತು. ಹಿಂದೆಮುಂದೆ ನೋಡದೆ ತಂದು ನಡುಮನೆಯ ಗೋಡೆಗೆ ಹಾಕಿದೆ.

ಡಬ್ಬಿ ಹಿಡಿದು ಬಂದ ಪದ್ಮಮ್ಮ ಕನ್ನಡಕ ಏರಿಸಿದರು. "ನಿಮ್ಮೂರು ಎಲ್ಲಿದೆ, ತೋರ್ಸಿ."

ತೋರಿಸಿದೆ.

"ಇದ್ರಲ್ಲಿ ನಿಮ್ಮನೆ ಎಲ್ಲಿ ಬರುತ್ತೆ?"

ನಕ್ಷೆಯಲ್ಲಿ ಊರು ಹಳ್ಳದ ಈಚೆ ಒತ್ತೊತ್ತಾಗಿತ್ತು. ಆಚೆ, ಬೇರೆಯಾಗಿ, ಕೆಲವು ಚುಕ್ಕಿಗಳು. ಅದು ನಮ್ಮದು, ದಲಿತರ ಕೇರಿ. ಊರ ಬಾವಿ ಮುಟ್ಟದೆಯೇ ಬದುಕು ಮುಗಿಸಿದ ನಮ್ಮಜ್ಜಿಯ ಗುಡಿಸಲೂ ಆ ಚುಕ್ಕಿಗಳಲ್ಲಿ ಇದ್ದೀತು. ಈಚೆ ಬೆರಳಿಟ್ಟರೆ ಬಾಡಿಗೆ ಮನೆ ಉಳಿಯುತ್ತಿತ್ತು. ಆದರೆ ಅಜ್ಜಿಯನ್ನು ಸುಳ್ಳಿನಲ್ಲಿ ಹಳ್ಳ ದಾಟಿಸಲು ಮನಸ್ಸಾಗಲಿಲ್ಲ.

"ಇಲ್ಲಿ ಐತ್ರಿ, ಹಳ್ಳದ ಆಚಿಕಡೆ. ನಾವು ಕೇರಿಯೋರು," ಎಂದೆ.

"ಓ, ಅಂಗಾ," ಎಂದು ಪದ್ಮಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟು ಇಳಿದುಹೋದರು.

ಮನೆ ಖಾಲಿ ಮಾಡಿ ಎನ್ನುತ್ತಾರೇನೋ ಎಂದು ಮೆಟ್ಟಿಲ ಸದ್ದಿಗೆಲ್ಲ ಕಿವಿ ಕೊಟ್ಟೆ. ಯಾರೂ ಬರಲಿಲ್ಲ. ತಡೆಯಲಾರದೆ ಶೇಂಗಾ ಚಟ್ನಿಪುಡಿ ಕುಟ್ಟಿ, ಡಬ್ಬಿ ತುಂಬಿ, ನಾನೇ ಇಳಿದೆ. ಪದ್ಮಮ್ಮ ಬಾಗಿಲಲ್ಲೇ ನಿಂತರು. ಮುಖದಲ್ಲಿ ನಗುವಿತ್ತು. ಕೈ ಮುಂದೆ ಬರಲಿಲ್ಲ.

"ಡಬ್ಬಿ ನೀವೇ ಇಟ್ಕೊಳ್ಳಿ ಕಣಮ್ಮ, ನಮ್ಮನೇಲಿ ಬೇಕಾದಷ್ಟಿವೆ. ಮನೇಲಿ ಆರಾಮಾಗಿರಿ, ನಮ್ಗೇನೂ ತೊಂದ್ರೆ ಇಲ್ಲ."

ಈಗಲೂ ಇದೇ ಮನೆಯಲ್ಲಿದ್ದೇನೆ. ಊರಿಗೆ ಹೋದರೆ ಕೇರಿಯವರೆಲ್ಲ "ಮೈಸೂರಿನೋಳು ಬಂದ್ಲು" ಎನ್ನುತ್ತಾರೆ. ಅಲ್ಲಿ ಆ ಹಳ್ಳವನ್ನು ಮುಚ್ಚಿ ರಸ್ತೆ ಮಾಡಿ ಬಹಳ ಕಾಲವಾಯಿತು. ಇಲ್ಲಿ ನಾನು ದಿನವೂ ಮೆಟ್ಟಿಲಿಳಿದು, ಪದ್ಮಮ್ಮನ ಬಾಗಿಲ ಮುಂದೆ ಆ ಹಳ್ಳವನ್ನು ದಾಟಿಯೇ ಕೆಲಸಕ್ಕೆ ಹೋಗುತ್ತೇನೆ.