ಅಕಿ ಮಾಡಿಲ್ಲ

ಮೊನ್ನೆ ಸಂಜೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಓಡಿ ಓಡಿ ಬಿಸಿಯಾದ ಕಬ್ಬಿಣಕ್ಕೆ ಎಣ್ಣೆ ತಾಗಿದಾಗ ಏಳುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಜಮಖಂಡಿಯ ಈ ನನ್ನ ಅಂಗಡಿಯಿಂದ ಮನಸ್ಸು ನೇರ ಬನಹಟ್ಟಿಗೆ ಹೋಯಿತು. ಪಕ್ಕದ ಮನೆ ಕಾಕಿಯ ಪಡಸಾಲೆಗೆ...

ಆ ಪಡಸಾಲೆಯ ಗೋಡೆಗೆ ಹತ್ತಿಕೊಂಡೇ ಪವರ್‌ಲೂಮ್ ಶೆಡ್ಡು ಇತ್ತು; ಹೊತ್ತೆಲ್ಲ ಅಲ್ಲಿಂದ ಇದೇ ಎಣ್ಣೆಯ ವಾಸನೆ. ಸಂಜೆ ಓಣಿಯ ಹೆಂಗಸರೆಲ್ಲ ಅಲ್ಲಿ ಕೂತು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಪೊಲೀಸ್ ಧಾರಾವಾಹಿ ನೋಡುತ್ತಿದ್ದೆವು. ನೋಡುವುದಷ್ಟೇ. ಟಿವಿ ಧ್ವನಿ ಎಷ್ಟು ಏರಿಸಿಟ್ಟರೂ ಮಗ್ಗದ ಖಟಖಟದಲ್ಲಿ ಒಂದು ಮಾತೂ ಕೇಳುತ್ತಿರಲಿಲ್ಲ. ಕಥೆ ಹೇಳುವವಳು ಕಾಕಿ! ನಟರ ಮುಖ ನೋಡಿ, ಯಾರು ಏನಂದರು ಎಂದು ಗಂಟಲು ಹರಿಯುವಂತೆ ಕೂಗಿ ಹೇಳುತ್ತಿದ್ದಳು. ಆ ಧಾರಾವಾಹಿಯ ಇನ್‌ಸ್ಪೆಕ್ಟರ್ ಎಂದರೆ ಅವಳಿಗೆ ಜೀವ. "ಬಂದಾ ನೋಡ್ರಿ ನನ್ನ ಶ್ಯಾಣ್ಯಾ" ಎಂದು ಅವನ ಜಾಣತನ ಹೊಗಳುತ್ತಿದ್ದಳು. ಅವಳು ಹೇಳಿದ್ದು ಖರೆಯೋ ಸುಳ್ಳೋ ಎಂದು ಯಾರೂ ಕೇಳಿದವರಲ್ಲ.

ನಾನು ಆಗಷ್ಟೇ ಮುಧೋಳದ ಗಂಡನ ಮನೆ ಬಿಟ್ಟು ಬಂದಿದ್ದೆ. ಅವನ ಹೊಡೆತ ತಾಳಲಾರದೆ ಬಂದಿದ್ದೆ. ಆದರೆ ಓಣಿ ಅದನ್ನು ನಂಬಬೇಕಲ್ಲ! ಇವಳೇ ಏನೋ ಮಾಡಿರಬೇಕು ಎಂಬ ಪಿಸುಮಾತು. ಭಾನುವಾರ ಹಿರಿಯರು ಕೂತು ನನ್ನನ್ನು ತಿರುಗಿ ಕಳಿಸುವುದೆಂದು ಅಪ್ಪ ಒಪ್ಪಿಕೊಂಡೂ ಆಗಿತ್ತು.

ಆ ವಾರದ ಕಂತಿನಲ್ಲಿ ಒಬ್ಬ ಹುಡುಗಿ ಚೀಲ ಹಿಡಿದು ಗಂಡನ ಮನೆಯಿಂದ ಓಡಿದಳು. ಮುಂದೆ ನೋಡಿದರೆ ಗಂಡ ಹೆಣವಾಗಿದ್ದಾನೆ. ಕಾಕಿ ಹೇಳುತ್ತ ಹೋದಳು... ಹೊಡೆತ ತಾಳದೆ ಓಡಿದಳಂತೆ, ಕೊಂದವನು ಮೈದುನನಂತೆ, ಇನ್‌ಸ್ಪೆಕ್ಟರಿಗೆ ಎಲ್ಲ ಗೊತ್ತಂತೆ. ಹೆಂಗಸರು ಲೊಚಗುಟ್ಟಿದರು. ಒಬ್ಬಿಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಕರೆಂಟಿನ ಒಂದು ಫೇಸ್ ಹೋಯಿತು. ಮೂರೂ ಫೇಸ್ ಬೇಕಾದ ಮಗ್ಗಗಳು ಗಕ್ಕನೆ ನಿಂತವು. ಟಿವಿ ಮಾತ್ರ ನಡೆದೇ ಇತ್ತು. ಏರಿಸಿಟ್ಟ ಧ್ವನಿಯಲ್ಲಿ ಇನ್‌ಸ್ಪೆಕ್ಟರ್ ಒದರಿದ: "ಗಂಡನ ಮನೆ ಬಿಟ್ಟು ಓಡಿದಾಗಲೇ ನನಗೆ ಅನುಮಾನ ಬಂತು. ಕೊಲೆ ಮಾಡಿದ್ದು ನೀನೇ!"

ಪಡಸಾಲೆಯ ಕಣ್ಣುಗಳೆಲ್ಲ ನನ್ನತ್ತ ತಿರುಗಿದವು. ಅವ್ವ ತಲೆ ತಗ್ಗಿಸಿದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಕಾಕಿ ಎದ್ದಳು. ತನ್ನ ಪ್ರೀತಿಯ ಇನ್‌ಸ್ಪೆಕ್ಟರಿಗೇ ಕೈಮಾಡಿ ಬೈದಳು: "ಏ ಭಾಡ್ಯಾ! ಇಷ್ಟ ದಿನಾ ನಿನ್ನ ಶ್ಯಾಣ್ಯಾ ಮಾಡಿದಾಕಿ ನಾನಲೇ! ಅಕಿ ಬೆನ್ನ ಮ್ಯಾಲಿನ ಬಾಸುಂಡಿ ನೋಡೀಯೇನು? ಅಕಿ ಮಾಡಿಲ್ಲ ಅಂದ್ರ ಮಾಡಿಲ್ಲ!" ಟಿವಿ ಆರಿಸಿ ಹೆಂಗಸರತ್ತ ತಿರುಗಿದಳು. ಒಬ್ಬೊಬ್ಬರೇ ಮತ್ತೆ ಕಂಡಿಕೆ ಎತ್ತಿಕೊಂಡರು.

ಭಾನುವಾರ ಹಿರಿಯರು ಕೂತಲ್ಲಿಗೆ ಕರೆಯದೇ ಬಂದಳು. ಕಂಡಿಕೆಯ ಬುಟ್ಟಿ ಇಟ್ಟುಕೊಂಡು ನನ್ನ ಮಗ್ಗುಲಲ್ಲೇ ಕೂತಳು. "ಇಕಿ ಹೋಗಂಗಿಲ್ರೀ. ಕಳಸಾಕಬೇಕಂದ್ರ ನಿಮ್ಮ ನಿಮ್ಮ ಮಗಳನ್ನ ಕಳಸ್ರಿ ಆ ಮನೀಗೆ" ಎಂದಳು. ಹಿರಿಯರು ಚಹಾ ಕುಡಿದು ಎದ್ದು ಹೋದರು. ನಾನು ಹೋಗಲಿಲ್ಲ. ಇವತ್ತಿಗೂ ಹೋಗಿಲ್ಲ.

ಕಾಕಿ ಈಗಿಲ್ಲ. ಆ ಶೆಡ್ಡಿಗೂ ಬೀಗ ಬಿದ್ದಿದೆ. ಬನಹಟ್ಟಿಗೆ ಹೋದಾಗ ಆ ಓಣಿಯ ಮೌನ ನನಗೆ ಸಹಿಸಲಾಗುವುದಿಲ್ಲ.

ಎಣ್ಣೆ ಬಿಟ್ಟ ಸಂಜೆಯೇ ಅಂಗಡಿಯ ಟಿವಿಯಲ್ಲಿ ಅದೇ ಕಂತು ಮತ್ತೆ ಬಂತು. ಹೊಲಿಗೆ ಕಲಿಯಲು ಬರುವ ಹುಡುಗಿಯರು ಕತ್ತರಿ ಬಿಟ್ಟು ನೋಡುತ್ತಿದ್ದರು. ಅವರಲ್ಲೊಬ್ಬಳು ನನ್ನಂತೆಯೇ ಗಂಡನ ಮನೆ ಬಿಟ್ಟು ತವರಿಗೆ ಬಂದು ಕೂತವಳು. ಇನ್‌ಸ್ಪೆಕ್ಟರ್ ಬೆರಳೆತ್ತಿ ಬಾಯಿ ತೆರೆಯುವಷ್ಟರಲ್ಲಿ ರಿಮೋಟ್ ಒತ್ತಿ ಧ್ವನಿ ಪೂರ್ತಿ ಬಂದ್ ಮಾಡಿದೆ.

"ಅಯ್ಯ, ಏನಂದನ್ರೀ ಅಕ್ಕಾರ ಅಂವ?" ಎಂದು ಆ ಹುಡುಗಿಯೇ ಕೇಳಿದಳು.

"ಅಕಿ ಮಾಡಿಲ್ಲ ಅಂದ" ಎಂದೆ.