ಗೀಟಕ್ಕನ ನೋಟ್‌ಬುಕ್ಕು

ನಮ್ಮ ಪತ್ರಿಕೆಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಗೀಟಕ್ಕ ಎನ್ನುತ್ತಿದ್ದರು. ಆ ಹೆಸರಿಟ್ಟ ಪುಣ್ಯಾತ್ಮ ನಾನೇ. ಕರಡು ತಿದ್ದುವವನಿಗೆ ದಿನವಿಡೀ ಬೇರೆಯವರ ತಪ್ಪು ಹುಡುಕುವ ಕೆಲಸ, ಬಾಯಿ ಸುಮ್ಮನಿರುವುದಿಲ್ಲ. ಮೂವತ್ತೈದು ದಾಟಿದ ಮೇಲೆ ವರದಿಗಾರ್ತಿಯಾಗಿ ಸೇರಿ, ‘ಒಂದು ವರ್ಷ ನೋಡಿ ಕಾಯಂ ಮಾಡುತ್ತೇವೆ’ ಎಂಬ ಸಂಪಾದಕರ ಮಾತು ನಂಬಿಕೊಂಡ ಹೆಂಗಸು, ಸಂಜೆಯಾದರೆ ಸೈಕಲ್ ಅಂಗಡಿಯ ಮೇಲಿನ ಟೈಪಿಂಗ್ ಶಾಲೆಗೆ ಶೀಘ್ರಲಿಪಿ ಕಲಿಯಲು ಓಡುತ್ತಾಳೆಂದರೆ ನಗದಿರಲು ನಾನೇನು ಸಂತನೇ? ನೋಟ್‌ಬುಕ್ಕಿನ ತುಂಬ ಕೊಕ್ಕೆ, ಚುಕ್ಕೆ, ಗೀಟು. ಕೋಳಿ ಕೆದರಿದ ಹಾಗಿದೆ ಎಂದೆ.

“ಈಗ ನೀವು ಆಡಿದ್ದೆಲ್ಲಾ ಇದರಲ್ಲಿದೆ, ಓದ್ಲಾ?” ಎಂದಳು. ಓದಿಯೂಬಿಟ್ಟಳು. ಐದು ನಿಮಿಷದ ಹಿಂದೆ ನಾನು ಸಂಪಾದಕರ ಬಗ್ಗೆ ಅಂದದ್ದೂ ಅದರಲ್ಲಿತ್ತು. ಅಂದಿನಿಂದ ಅವಳ ಪೆನ್ಸಿಲ್ ಕಂಡರೆ ನನ್ನ ಬಾಯಿಗೆ ಬೀಗ.

ಮನೆಯಲ್ಲಿ ಅಭ್ಯಾಸಕ್ಕೆ ಅತ್ತೆ ಇದ್ದರು. ಅವರು ಬೈಯಲು ಶುರುಮಾಡಿದರೆ ನಿಮಿಷಕ್ಕೆ ನೂರಿಪ್ಪತ್ತು ಪದ, ಮಧ್ಯೆ ಉಸಿರಿಲ್ಲ. ಸೊಸೆ ತಲೆ ತಗ್ಗಿಸಿ ಬರೆದುಕೊಳ್ಳುವಳು. “ಅತ್ತೇ, ಸ್ವಲ್ಪ ತಡೀರಿ, ಸೋಮಾರಿ ಆದ್ಮೇಲೆ ಏನಂದ್ರಿ?” ಎಂದು ಕೇಳಿದ ದಿನ ಅತ್ತೆಗೆ ಮುಂದಿನ ಬೈಗುಳವೇ ಮರೆತುಹೋಯಿತಂತೆ. ಕೊನೆಗೆ ಅವರೇ ಕನಿಕರಪಟ್ಟು, ಪರೀಕ್ಷೆ ಮುಗಿಯುವ ತನಕ ದಿನಾ ಅರ್ಧ ಗಂಟೆ ತಪ್ಪದೆ ಬೈದುಕೊಟ್ಟರು. ಗೀಟಕ್ಕ ಮೊದಲ ದರ್ಜೆಯಲ್ಲಿ ಪಾಸಾದಳು.

ಟೈಪಿಂಗ್ ಶಾಲೆಯ ಮೇಷ್ಟ್ರದ್ದು ಒಂದೇ ಹಟ: ಕಿವಿಗೆ ಬಿದ್ದದ್ದನ್ನೆಲ್ಲ ಬರೆದುಕೊಳ್ಳಬೇಕು, ಬೇಕು ಬೇಡ ಆಮೇಲೆ ನೋಡಿಕೊಳ್ಳಬೇಕು. ಇದೇ ಅವಳ ಕುತ್ತಿಗೆಗೆ ಬಂತು.

ಒಂದು ದಿನ ನಗರಸಭೆಯ ಸಭೆ ಮುಗಿದು, ಬೇರೆ ವರದಿಗಾರರೆಲ್ಲ ಚಹಾ ಕುಡಿದು ಹೊರಟುಹೋಗಿದ್ದರು. ಇವಳೊಬ್ಬಳು ಮೂಲೆಯಲ್ಲಿ ಉಳಿದಿದ್ದಳು. ಅಧ್ಯಕ್ಷರು ಅವಳನ್ನು ಗಮನಿಸದೆ ತಮ್ಮ ಕಡೆಯ ಸದಸ್ಯರ ಜತೆ ಮಾತಿಗಿಳಿದು, ನೀರಿನ ಟ್ಯಾಂಕು ಬಿರುಕು ಬಿಟ್ಟಿರುವುದು ತಮಗೆ ಆರು ತಿಂಗಳಿಂದ ಗೊತ್ತು ಎಂದುಬಿಟ್ಟರು. ಮರುದಿನ ಅದು ಮೊದಲ ಪುಟದಲ್ಲಿ ಬಂತು. ಅಧ್ಯಕ್ಷರು ಕೆಂಡವಾದರು. ತಾವು ಹಾಗೆ ಹೇಳಿಯೇ ಇಲ್ಲ, ಅವಳನ್ನು ತೆಗೆದುಹಾಕಿ ಎಂದು ಪಟ್ಟುಹಿಡಿದರು. ಸಂಪಾದಕರು ಗೀಟಕ್ಕನನ್ನು ಕರೆದು, “ನೋಡಮ್ಮ, ರುಜುವಾತು ಮಾಡಿದ್ರೆ ಕೆಲಸ ಉಳಿಯುತ್ತೆ. ಇಲ್ದಿದ್ರೆ ನನ್ನ ಕೈಲೂ ಏನಿಲ್ಲ” ಎಂದರು.

ಮೂರನೆಯ ದಿನ ಅಧ್ಯಕ್ಷರು ನಮ್ಮ ಕಚೇರಿಗೇ ಬಂದರು. ಜತೆಗೆ ತಮ್ಮ ಸ್ಟೆನೋವನ್ನೂ ಕರೆತಂದಿದ್ದರು. ಹದಿನೆಂಟು ವರ್ಷದಿಂದ ಅವರು ಹೇಳಿದ್ದನ್ನು ಬರೆದುಕೊಂಡು ಬಂದ, ಬಡಕಲು ದೇಹದ, ಸದ್ದಿಲ್ಲದ ಮನುಷ್ಯ. ಅವನೂ ಅದೇ ಮೇಷ್ಟ್ರ ಹಳೆಯ ಶಿಷ್ಯ. ಮಗಳಿಗೆ ಜ್ವರವೆಂದು ಸಭೆಯ ದಿನ ರಜೆಯಲ್ಲಿದ್ದ.

“ಈ ಗೀಚಾಟವನ್ನ ಇವನೇ ನೋಡಿ ಹೇಳ್ಲಿ. ಏನಾದ್ರೂ ಅರ್ಥ ಇದ್ರೆ ತಾನೆ!” ಎಂದರು ಅಧ್ಯಕ್ಷರು. ಇಷ್ಟು ವರ್ಷ ಆ ಗೀಟುಗಳನ್ನೇ ನೆಚ್ಚಿಕೊಂಡಿದ್ದರೂ, ಅವು ಅಕ್ಷರವೆಂದು ಅವರಿಗೆ ಹೊಳೆದೇ ಇರಲಿಲ್ಲ. ಸ್ಟೆನೋ ಎಲ್ಲವನ್ನೂ ನೆನಪಿಟ್ಟುಕೊಂಡು ಟೈಪ್ ಮಾಡುತ್ತಾನೆ ಎಂದೇ ತಿಳಿದಿದ್ದರು.

ಸ್ಟೆನೋ ಕನ್ನಡಕ ಒರೆಸಿಕೊಂಡು ಓದಲು ತೊಡಗಿದ. ಟ್ಯಾಂಕು, ಬಿರುಕು, ಆರು ತಿಂಗಳು, ಎಲ್ಲವೂ ಒಂದೊಂದಾಗಿ ಹೊರಬಂದವು. ಅಧ್ಯಕ್ಷರ ಮುಖ ಇಳಿಯಿತು. ನಾನು ಕುರ್ಚಿಯ ತುದಿಗೆ ಬಂದೆ. ಇಂಥ ಖುಷಿ ನನಗೆ ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು.

ಅಷ್ಟರಲ್ಲಿ ಗೀಟಕ್ಕ ಎದ್ದು ನಿಂತಳು. “ಸಾರ್, ಅಷ್ಟು ಸಾಕು. ಮುಂದಿನದು ವಿಷಯಕ್ಕೆ ಸಂಬಂಧ ಇಲ್ಲ.”

ಅಧ್ಯಕ್ಷರಿಗೆ ಹೋದ ಜೀವ ಬಂದಂತಾಯಿತು. “ನೋಡಿದ್ರಾ? ಮುಚ್ಚಿಡೋಕೆ ನೋಡ್ತಾಳೆ! ಎಲ್ಲಾ ಸುಳ್ಳು ಅನ್ನೋದಕ್ಕೆ ಇನ್ನೇನು ಬೇಕು? ಓದಯ್ಯಾ, ಒಂದಕ್ಷರ ಬಿಡಬೇಡ!”

ತಡೆದರೆ ಕೆಲಸ ಹೋಗುತ್ತದೆ, ಆದರೂ ಗೀಟಕ್ಕ ಕೈ ಮುಂದೆ ಚಾಚಿ ಪುಸ್ತಕ ಕೇಳಿದಳು. ಸ್ಟೆನೋ ಕೊಡಲಿಲ್ಲ. ಅದೇ ಏರಿಳಿತವಿಲ್ಲದ ದನಿಯಲ್ಲಿ ಓದಿದ:

“ಇವತ್ತು ಆ ಸ್ಟೆನೋ ಇಲ್ದಿರೋದು ಒಳ್ಳೇದೇ ಆಯ್ತು, ಯಾವುದೂ ಫೈಲಿಗೆ ಹೋಗಲ್ಲ. ಇದ್ರೂ ಅಷ್ಟೇ ಬಿಡಿ. ಹದಿನೆಂಟು ವರ್ಷದಿಂದ ಇಟ್ಕೊಂಡಿದ್ದೀನಿ, ತಲೇಲಿ ಮಣ್ಣು.”

ಕುರ್ಚಿಯ ತುದಿಗೆ ಬಂದಿದ್ದ ನಾನು ಹಿಂದಕ್ಕೆ ಸರಿದು ಕೂತೆ.

“ಸಾಕು, ಸಾಕು” ಎಂದರು ಅಧ್ಯಕ್ಷರು.

“ಇನ್ನೂ ಒಂದು ವಾಕ್ಯ ಇದೆ ಸಾರ್” ಎಂದು ಸ್ಟೆನೋ ತನ್ನನ್ನೇ ಬೈದಿದ್ದ ಅದನ್ನೂ ಓದಿ ಮುಗಿಸಿದ. ಆಮೇಲೆ ನನ್ನ ಮೇಜಿನಿಂದ ಒಂದು ಹಾಳೆ ತೆಗೆದುಕೊಂಡು, ಓದಿದ್ದಷ್ಟನ್ನೂ ದುಂಡಗೆ ಬರೆದು, ಕೆಳಗೆ ಸಹಿ, ಹುದ್ದೆ, ತಾರೀಕು ಹಾಕಿ ಸಂಪಾದಕರ ಕೈಗಿತ್ತ.

“ನೀನು ಯಾರ ಕಡೆಯೋನಯ್ಯಾ?” ಎಂದು ಅಧ್ಯಕ್ಷರು ಗುಡುಗಿದರು.

“ಹೇಳಿದ್ದನ್ನ ಬರೆಯೋನು ಸಾರ್.”

ಅಧ್ಯಕ್ಷರು ಬಾಗಿಲು ಧಡಾರನೆ ಹಾಕಿಕೊಂಡು ಹೋದರು. ಸಂಪಾದಕರು ಹಾಳೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, “ನಾಳೆಯಿಂದ ನೀನು ಕಾಯಂ” ಎಂದರು. ಗೀಟಕ್ಕ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಸ್ಟೆನೋ ಮುಂದೆ ತಪ್ಪು ಮಾಡಿದವಳಂತೆ ನಿಂತಿದ್ದಳು.

“ಅಣ್ಣಾ, ಆ ಸಾಲು ನಾನು ಬರ್ಕೋಬಾರದಿತ್ತು.”

ಅವನು ಪುಸ್ತಕ ಮುಚ್ಚಿ ಅವಳ ಕೈಗಿಟ್ಟ. “ಬರ್ಕೊಂಡಿದ್ದೇ ಸರಿಯಮ್ಮ. ಹದಿನೆಂಟು ವರ್ಷ ಅವರು ಹೇಳಿದ್ದೆಲ್ಲಾ ಬರೆದೆ. ಇದೊಂದನ್ನ ಮಾತ್ರ ಅವರು ನನಗೆ ಹೇಳಿರ್ಲಿಲ್ಲ.”