ಸುಮ್ಮನಿದ್ದಾಗ ಕುಯ್‌ಗುಡುವ ಡಬ್ಬ

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಪೀಣ್ಯದ ಫ್ಯಾಕ್ಟರಿಯಲ್ಲಿ ಪ್ಯಾನೆಲ್ ಬೋರ್ಡಿಗೆ ವೈರ್ ಕಟ್ಟುತ್ತೇನೆ. ಅಲ್ಲಿ ಎಲ್ಲ ವೈರುಗಳನ್ನೂ ಬಾಚಿ, ಒಂದೇ ಕಟ್ಟು ಮಾಡಿ ಬಿಗಿಯಬೇಕು. ಒಂದು ಆಚೆ ಇಣುಕಿದರೂ ಸೂಪರ್‌ವೈಸರ್ ಬಯ್ಯುತ್ತಾನೆ. ಆ ಚಟವೇ ನನ್ನ ಮರ್ಯಾದೆ ಕಳೆಯಿತು.

ಮಾಕಳಿಯಲ್ಲಿ ನನ್ನ ರೂಮಿನ ಓನರಮ್ಮ ಗುಡಿಯ ಭಜನೆಗೆ ಹಾಡು ಹೇಳಿಕೊಡುವವರು. ಅವರು ಒಂದು ಸಾಲು ಹೇಳಿದರೆ ಮಿಕ್ಕವರು ಹಿಂದೆ ಹಾಡಬೇಕು. ಹೋದ ವರ್ಷ ಅವರ ಗಂಟಲು ಕೈಕೊಟ್ಟಿತು. ಅವರ ಓರಗಿತ್ತಿಯ ದನಿಯೋ ಮೇನ್ ರೋಡಿಗೆ ಕೇಳುತ್ತದೆ. ಆಕೆ ಆ ಜಾಗಕ್ಕೇ ಕಾದು ಕೂತಿದ್ದರು.

"ಮೈಕಿನ ಡಬ್ಬ ಒಂದು ಮಾಡ್ಕೊಡು ಕಣ್ಲಾ. ಗುಡೀಲಿ ಕರೆಂಟು ಆಗಾಗ ಹೋಯ್ತದೆ, ಬ್ಯಾಟ್ರೀದೇ ಆಗ್ಬೇಕು" ಅಂದರು ಓನರಮ್ಮ.

ಮಾಡಿಕೊಟ್ಟೆ. ಬ್ಯಾಟರಿಯ ವೋಲ್ಟು ಆಂಪ್ಲಿಫೈಯರಿಗೆ ಸಾಲದು, ಅದಕ್ಕೆ ವೋಲ್ಟು ಏರಿಸುವ ಬೆರಳುದ್ದದ ಕನ್ವರ್ಟರ್ ಹಾಕಿದೆ. ವೈರುಗಳನ್ನು ಬಾಚಿ ಕಟ್ಟಿ, ಮುಚ್ಚಳ ತೆಗೆದು ತೋರಿಸಿದೆ.

"ಜಡೆ ಹಾಕ್ದಂಗೆ ಅದೆ!" ಅಂದರು. ಉಬ್ಬಿಹೋದೆ.

ಮೊದಲ ಶನಿವಾರ ಹಾಡು ಮುಗಿದು ಎಲ್ಲರೂ ಸುಮ್ಮನಾದರೋ ಇಲ್ಲವೋ, ಡಬ್ಬ ಶುರು ಮಾಡಿತು. ಕುಯ್‌ಯ್‌ಯ್. ಹಾಡು ಶುರುವಾದರೆ ಮಾಯ, ನಿಂತರೆ ಮತ್ತೆ ಕುಯ್.

"ಅಕ್ಕಾ, ಒಳಗೆ ಸೊಳ್ಳೆ ಸಂಸಾರ ಹೂಡ್ಯವೆ. ನೀನು ನಿಲ್ಸಿದ್ ತಕ್ಷಣ ಅವು ಭಜನೆ ಮಾಡ್ತವೆ" ಅಂದರು ಓರಗಿತ್ತಿ. ಹೆಂಗಸರೆಲ್ಲ ಬಿದ್ದು ನಕ್ಕರು.

ಓನರಮ್ಮ ನನ್ನನ್ನು ಕಂಬದ ಹಿಂದೆ ಎಳೆದರು. "ಬರೋ ಶನಿವಾರದೊಳ್ಗೆ ಬಾಯಿ ಮುಚ್ಚಿಸು ಕಣ್ಲಾ. ಇಲ್ಲಾಂದ್ರೆ ಹೇಳ್ಕೊಡೋದು ಅವಳ ಪಾಲು."

"ಯಾರ್ ಬಾಯಿ ಮುಚ್ಚಿಸ್ಲಿ ಅಕ್ಕೋರೆ?"

"ಮೊದ್ಲು ಡಬ್ಬದ್ದು."

ಭಾನುವಾರ ಕನ್ವರ್ಟರ್ ಬಿಚ್ಚಿ, ಅದರ ಬದಲು ಆಂಪ್ಲಿಫೈಯರಿಗೆ ನೇರ ನನ್ನ ಬೈಕಿನ ಬ್ಯಾಟರಿ ಕೊಟ್ಟೆ. ಕುಯ್ ಸದ್ದೇ ಇಲ್ಲ. ಅಂದರೆ ಕಳ್ಳ ಕನ್ವರ್ಟರೇ. ಹಾಡು ಇಲ್ಲದಾಗ ಅದಕ್ಕೆ ಹೆಚ್ಚು ಕೆಲಸವಿಲ್ಲ. ಒಂದು ಗುಟುಕು ಕರೆಂಟು ಕೊಡುತ್ತದೆ, ಸುಮ್ಮನಾಗುತ್ತದೆ, ಮತ್ತೆ ಗುಟುಕು. ಆ ಬಿಕ್ಕಳಿಕೆಯೇ ಕುಯ್. ಅದನ್ನು ಮತ್ತೆ ಜೋಡಿಸಿ ಕರೆಂಟಿನ ಏರಿಳಿತ ನುಂಗುವ ಮೂರು ಕೆಪಾಸಿಟರ್ ಬೆಸುಗೆ ಹಾಕಿದೆ. ಸ್ವಲ್ಪ ತಗ್ಗಿತು, ಹೋಗಲಿಲ್ಲ. ಸಿಟ್ಟಿಗೆದ್ದು ವೈರಿನ ಕಟ್ಟನ್ನೇ ಜಗ್ಗಿದೆ. ಬಿಗಿದಿದ್ದ ಪ್ಲಾಸ್ಟಿಕ್ ಟೈ ಕಿತ್ತು ಮೈಕಿನ ವೈರು ಹೊರಗೆ ನೆಗೆಯಿತು. ಕುಯ್ ಅರ್ಧಕ್ಕೆ ಇಳಿಯಿತು.

ಥತ್! ನನ್ನ ಚೆಂದದ ಜಡೆಯೊಳಗೆ ಕನ್ವರ್ಟರಿನ ವೈರೂ ಮೈಕಿನ ವೈರೂ ತಬ್ಬಿಕೊಂಡು ಮಲಗಿದ್ದವು. ಅದರ ಬಿಕ್ಕಳಿಕೆ ಇದಕ್ಕೆ ಅಂಟದೆ ಇನ್ನೇನು?

ಟೈಗಳನ್ನೆಲ್ಲ ಕತ್ತರಿಸಿದೆ. ಕನ್ವರ್ಟರನ್ನು ಬ್ಯಾಟರಿ ಪಕ್ಕದ ಮೂಲೆಗೆ ತಳ್ಳಿ, ಅದರ ವೈರುಗಳನ್ನು ಗೇಣಿಗಿಂತ ಗಿಡ್ಡ ಮಾಡಿದೆ. ಕೆಪಾಸಿಟರುಗಳನ್ನು ಅದರ ಬಾಯಿಗೇ ಕೂರಿಸಿ, ಜೊತೆಗೊಂದು ಕಾಯಿಲ್ ಕೊಟ್ಟೆ. ಮೈಕಿನ ವೈರು ಎದುರು ಮೂಲೆಗೆ. ಮೈನಸ್ ವೈರು ಇಬ್ಬರಿಗೂ ಒಂದೇ ಇತ್ತು. ಬೇರೆ ಬೇರೆ ಮಾಡಿ ನೇರ ಬ್ಯಾಟರಿಗೆ ಕೊಟ್ಟೆ. ಒಳಗೆ ಕಾಗೆ ಗೂಡು. ಸೂಪರ್‌ವೈಸರ್ ನೋಡಿದ್ದರೆ ಗೇಟಿಂದಾಚೆ ಹಾಕುತ್ತಿದ್ದ. ಸದ್ದು ಮಾತ್ರ ಸತ್ತಿತ್ತು.

ಶನಿವಾರ ಬಂತು. ಮೊದಲ ಹಾಡು ಮುಗಿಯಿತು. ಓನರಮ್ಮ ಮೈಕ್ ಕೆಳಗಿಟ್ಟು ನೀರು ಕುಡಿಯಲು ತಿರುಗಿದರು. ಓರಗಿತ್ತಿ ಡಬ್ಬಕ್ಕೆ ಕಿವಿ ಕೊಟ್ಟರು. ಕುಯ್ ಇಲ್ಲ. ಮುಖ ಅರಳಿತು. ಮೈಕಿನ ಮುಂದೆಯೇ ಬಾಗಿ ಪಕ್ಕದಾಕೆಗೆ ಪಿಸುಗುಟ್ಟಿದರು:

"ಡಬ್ಬ ಸತ್ತೋಯ್ತು ಕಣೇ. ಇನ್ನಾದ್ರೂ ಮುದುಕಿ ಜಾಗ ಬಿಡ್ತಾಳೆ."

ಪಿಸುಮಾತು ಇಡೀ ಗುಡಿಗೆ ಕೇಳಿತು, ಒಂದಕ್ಷರ ಬಿಡದೆ. ಪೂಜಾರಿ ಮಂಗಳಾರತಿ ತಟ್ಟೆ ಹಿಡಿದೇ ನಗತೊಡಗಿದ.

ಓನರಮ್ಮ ನೀರಿನ ಲೋಟ ಇಟ್ಟು ಮೈಕ್ ಎತ್ತಿಕೊಂಡರು.

"ಕೇಳಿಸ್ತು ಕಣಮ್ಮಾ, ಚೆನ್ನಾಗೇ ಕೇಳಿಸ್ತು. ಈಗ ನಾನು ಹೇಳ್ತೀನಿ, ನೀನು ಹಿಂದೆ ಹಾಡು."

ಹಾಡಿದರು ಪಾಪ.